ಬೀಳುವ ವಿದ್ಯೆ: ಜಪಾನಿನ ವಿಶ್ವವಿದ್ಯಾಲಯಗಳ ಸಮರಕಲಾ ಸಂಘಗಳಲ್ಲಿ ಶಿಕ್ಷಣ ಮತ್ತು ಸಹಜೀವನ

1. ಪ್ರವೇಶ

ಕನ್ನಡದಲ್ಲಿ 'ಗರಡಿ' ಎಂಬ ಶಬ್ದವು ಕೇವಲ ಒಂದು ಕಟ್ಟಡವನ್ನು ಸೂಚಿಸುವುದಿಲ್ಲ. ಮೈಸೂರು ಸೀಮೆಯ ಗರಡಿಮನೆ ಎಂದೊಡನೆ ಕೆಮ್ಮಣ್ಣಿನ ಮಟ್ಟಿ, ಹನುಮಂತನ ಪಟ, ಗೋಡೆಗೆ ಒರಗಿಸಿದ ಗದೆ, ಉಸ್ತಾದರ ಎಚ್ಚರದ ಕಣ್ಣು, ದಂಡ ಬಸ್ಕಿ ತೆಗೆಯುವ ಎಳೆಯರು ಇವೆಲ್ಲ ಒಟ್ಟಾಗಿ ಮನಸ್ಸಿಗೆ ಬರುತ್ತವೆ. ತುಳುನಾಡಿನಲ್ಲಿ ಅದೇ ಶಬ್ದ ಕೋಟಿ ಚೆನ್ನಯರ ಆರಾಧನೆಯ ತಾಣಕ್ಕೆ ಸಲ್ಲುತ್ತದೆ. ಅಲ್ಲಿ ಅಂಗಸಾಧನೆಯ ನೆಲವೇ ಪೂಜೆಯ ನೆಲವೂ ಆಗಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮಲ್ಲವಿನೋದ ಭಾಗವು ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಸಾರವಾಗಿ ವಿಂಗಡಿಸುತ್ತದೆ. ಅವರ ವ್ಯಾಯಾಮ ಹಾಗೂ ಆಹಾರಗಳ ಕ್ರಮವನ್ನೂ ಹೇಳುತ್ತದೆ. ದೇಹಶಿಕ್ಷಣವನ್ನು ಒಂದು ಶಾಸ್ತ್ರವಾಗಿ ಕಂಡ ಪರಂಪರೆ ಕನ್ನಡ ನೆಲಕ್ಕೆ ಹೊಸದಲ್ಲ ಎಂಬುದು ಇದರಿಂದ ಸ್ಪಷ್ಟ.

ಜಪಾನೀ ಭಾಷೆಯಲ್ಲಿ ಗರಡಿಗೆ ಸಂವಾದಿಯಾದ ಶಬ್ದ 'ದೋಜೋ'. 'ಮಾರ್ಗದ ಸ್ಥಳ' ಎಂಬುದು ಅದರ ಪದಶಃ ಅರ್ಥ. ಬುದ್ಧನು ಜ್ಞಾನೋದಯವನ್ನು ಪಡೆದ ನೆಲೆಯನ್ನು ಹೇಳುವ 'ಬೋಧಿಮಂಡ' ಎಂಬ ಸಂಸ್ಕೃತ ಪದವನ್ನು ಚೀನೀ ಅನುವಾದಕರು ಈ ಎರಡು ಲಿಪಿಸಂಕೇತಗಳಲ್ಲಿ ತಂದರು. ಅಲ್ಲಿಂದ ಅದು ಜಪಾನಿಗೆ ಬಂದು, ಮೊದಲು ಧ್ಯಾನದ ಕೋಣೆಗೂ ಆಮೇಲೆ ಸಮರಕಲೆಯ ಅಭ್ಯಾಸಶಾಲೆಗೂ ಹೆಸರಾಯಿತು. ಗರಡಿ, ದೋಜೋ ಎಂಬ ಎರಡು ಶಬ್ದಗಳಿಗೆ ವ್ಯುತ್ಪತ್ತಿಯ ಸಂಬಂಧವೇನೂ ಇಲ್ಲ. ಆದರೆ ಮೈಯನ್ನು ಹದಗೊಳಿಸುವ ಜಾಗವನ್ನು ಮನಸ್ಸನ್ನು ಹದಗೊಳಿಸುವ ಜಾಗವಾಗಿಯೂ ಭಾವಿಸುವುದರಲ್ಲಿ ಎರಡೂ ಸಮಾಜಗಳು ಒಂದಾಗಿವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಜಪಾನಿನ ದೋಜೋ ಒಂದು ಹೊಸ ಆಶ್ರಯವನ್ನು ಪಡೆಯಿತು. ಗುರುವಿನ ಮನೆಯಿಂದ ಅದು ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ ಆವರಣಕ್ಕೆ ಬಂದಿತು. ಈ ಸ್ಥಳಾಂತರದಿಂದ ವಿದ್ಯೆಯ ಸ್ವರೂಪದಲ್ಲಿ ಆದ ಬದಲಾವಣೆಗಳು ಯಾವುವು, ವಿದ್ಯಾರ್ಥಿಗಳ ಪರಸ್ಪರ ಸಂಬಂಧ ಯಾವ ರೂಪವನ್ನು ತಾಳಿತು, ಆ ಸಂಬಂಧ ಎಲ್ಲಿ ಫಲಿಸಿತು, ಎಲ್ಲಿ ಕೆಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಗುರುಮನೆಯಿಂದ ವಿದ್ಯಾಲಯಕ್ಕೆ

ಈ ಸ್ಥಳಾಂತರದ ಮೂಲಪುರುಷ ಕಾನೋ ಜಿಗೋರೋ (1860–1938). ಟೋಕಿಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ಆತ ಹಳೆಯ 'ಜುಜುತ್ಸು' ಪಂಥಗಳ ಗುರುಗಳ ಬಳಿ ಮಲ್ಲವಿದ್ಯೆಯನ್ನು ಕಲಿತ. ಸಮುರಾಯ್ ವರ್ಗದ ಸವಲತ್ತುಗಳು ರದ್ದಾಗಿ, ಹಳೆಯ ಯುದ್ಧವಿದ್ಯೆಗಳು ಬೆಲೆಯನ್ನು ಕಳೆದುಕೊಂಡಿದ್ದ ಕಾಲವದು. 1882ರಲ್ಲಿ ಟೋಕಿಯೋದ ಏಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ ಕಾನೋ ತನ್ನ ಶಾಲೆಯನ್ನು ಆರಂಭಿಸಿದ. ಅದೇ 'ಕೋದೋಕಾನ್'. ಅಲ್ಲಿ ಕಲಿಸಿದ ವಿದ್ಯೆಗೆ 'ಜುಜುತ್ಸು' ಎಂಬ ಹೆಸರನ್ನು ಬಿಟ್ಟು 'ಜೂಡೋ' ಎಂಬ ಹೆಸರನ್ನು ಬಳಸಿದ. 'ಜುತ್ಸು' ಎಂದರೆ ಕೌಶಲ. 'ದೋ' ಎಂದರೆ ಮಾರ್ಗ. ಹೆಸರಿನ ಈ ಬದಲಾವಣೆಯಲ್ಲಿಯೇ ಆತನ ಶಿಕ್ಷಣದೃಷ್ಟಿ ಅಡಗಿದೆ.

ಕಾನೋ ವೃತ್ತಿಯಿಂದ ಶಿಕ್ಷಕ. ಟೋಕಿಯೋದ ಉನ್ನತ ಶಿಕ್ಷಕ ತರಬೇತಿ ವಿದ್ಯಾಲಯದ ಮುಖ್ಯಸ್ಥನಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದವನು. ಆದುದರಿಂದ ಆತ ಮಾಡಿದ ಸುಧಾರಣೆಗಳೂ ಶಿಕ್ಷಕನ ಸುಧಾರಣೆಗಳೇ. ಪ್ರಾಣಾಪಾಯದ ಪಟ್ಟುಗಳನ್ನು ನಿಯತ ವಿನ್ಯಾಸಗಳ ಅಭ್ಯಾಸವಾದ 'ಕಾತಾ'ಗೆ ಸೀಮಿತಗೊಳಿಸಿ, ಪೂರ್ಣ ಬಲದಿಂದ ಪ್ರಯೋಗಿಸಿದರೂ ಎದುರಾಳಿಗೆ ಕೇಡಾಗದಂಥ ಪಟ್ಟುಗಳನ್ನು ಮುಕ್ತ ಸೆಣಸಾಟವಾದ 'ರಾಂದೋರಿ'ಗೆ ಉಳಿಸಿದ. 1883ರಲ್ಲಿ ತನ್ನ ಇಬ್ಬರು ಶಿಷ್ಯರಿಗೆ 'ದಾನ್' ಎಂಬ ಶ್ರೇಣಿಯನ್ನು ಕೊಟ್ಟು, ಕಲಿಕೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸುವ ಪದ್ಧತಿಗೆ ನಾಂದಿ ಹಾಡಿದ. ಶಕ್ತಿಯ ಅತ್ಯುತ್ತಮ ಬಳಕೆ, ತಾನೂ ಇತರರೂ ಕೂಡಿ ಏಳಿಗೆ ಹೊಂದುವುದು ಎಂಬ ಎರಡು ತತ್ತ್ವಗಳನ್ನು ಈ ವಿದ್ಯೆಯ ಗುರಿಯೆಂದು ಸಾರಿದ. ಎರಡನೆಯ ತತ್ತ್ವವು ಮುಂದಿನ ವಿವೇಚನೆಗೆ ಮುಖ್ಯವಾದುದು.

ಕರಾಟೆಯ ಚರಿತ್ರೆ ಇದಕ್ಕಿಂತ ಭಿನ್ನವಾದರೂ ಅದು ತಲುಪಿದ ಸ್ಥಳ ಒಂದೇ. ಓಕಿನಾವಾ ದ್ವೀಪದ ಶಾಲಾ ಶಿಕ್ಷಕ ಫುನಕೋಶಿ ಗಿಚಿನ್ (1868–1957) 1922ರಲ್ಲಿ ಟೋಕಿಯೋಗೆ ಬಂದು ತನ್ನ ನಾಡಿನ ಈ ಕಲೆಯನ್ನು ಪ್ರದರ್ಶಿಸಿದ. ಕಾನೋನ ಆಹ್ವಾನದ ಮೇರೆಗೆ ಕೋದೋಕಾನ್‌ನಲ್ಲಿಯೂ ಅದನ್ನು ತೋರಿಸಿದ. 1924ರಲ್ಲಿ ಕೇಯೋ ವಿಶ್ವವಿದ್ಯಾಲಯದಲ್ಲಿ ಮೊದಲ ವಿಶ್ವವಿದ್ಯಾಲಯ ಕರಾಟೆ ಸಂಘ ಸ್ಥಾಪನೆಗೊಂಡಿತು. ಬಳಿಕ ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯ, ತಾಕುಶೋಕು, ವಾಸೆದಾ, ಹೋಸೇ ಮೊದಲಾದ ಕಡೆಗಳಲ್ಲಿ ಸಂಘಗಳು ಹುಟ್ಟಿಕೊಂಡವು. ಮುಖ್ಯ ದ್ವೀಪಗಳ ಜನರಿಗೆ ಅಪರಿಚಿತವಾಗಿದ್ದ ಒಂದು ಪ್ರಾದೇಶಿಕ ವಿದ್ಯೆ ಒಂದೆರಡು ದಶಕಗಳಲ್ಲಿ ರಾಷ್ಟ್ರದ ವಿದ್ಯೆಯಾಗಿ ಬೆಳೆದುದಕ್ಕೆ ಈ ವಿದ್ಯಾರ್ಥಿ ಸಂಘಗಳೇ ಬಹುಮಟ್ಟಿಗೆ ಕಾರಣ.

ಭಾಷಾ ವಿದ್ಯಾರ್ಥಿಗಳಿಗೆ ಕುತೂಹಲಕರವಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 'ಕರಾಟೆ' ಎಂಬುದರಲ್ಲಿಯ 'ಕರ' ಎಂಬ ಭಾಗವನ್ನು ಮೊದಲು ಚೀನಾದ ತಾಂಗ್ ರಾಜವಂಶವನ್ನು ಸೂಚಿಸುವ ಲಿಪಿಸಂಕೇತದಿಂದ ಬರೆಯುವುದು ರೂಢಿಯಾಗಿತ್ತು. 'ಚೀನೀ ಕೈ' ಎಂಬುದು ಆಗಿನ ಅರ್ಥ. ಫುನಕೋಶಿಯೂ ಕೇಯೋ ಸಂಘವೂ ಇದರ ಬದಲು ಅದೇ ಉಚ್ಚಾರಣೆಯುಳ್ಳ 'ಬರಿದು' ಎಂಬ ಅರ್ಥದ ಸಂಕೇತವನ್ನು ಬಳಕೆಗೆ ತಂದರು. ಬೌದ್ಧ ಗ್ರಂಥಗಳ ಚೀನೀ ಅನುವಾದಗಳಲ್ಲಿ ಸಂಸ್ಕೃತದ 'ಶೂನ್ಯ'ಕ್ಕೆ ಬಳಕೆಯಾದ ಸಂಕೇತವೂ ಅದೇ. ಆಯುಧವಿಲ್ಲದ ಬರಿಗೈ ಎಂಬ ಸರಳಾರ್ಥದ ಜೊತೆಗೆ ಅಹಂಕಾರವಳಿದ ಮನಸ್ಸು ಎಂಬ ಧ್ವನಿಯೂ ಆ ಹೆಸರಿಗೆ ಸೇರಿಕೊಂಡಿತು. ಹಾಗೆಂದು ವಚನಕಾರರ ಶೂನ್ಯ, ಬಯಲುಗಳೊಡನೆ ಇದನ್ನು ಅವಸರದಿಂದ ಸಮೀಕರಿಸುವುದು ಸಾಧುವಲ್ಲ. ಒಂದು ದಾರ್ಶನಿಕ ಪರಿಭಾಷೆಯು ವಿದ್ಯಾರ್ಥಿಗಳ ವ್ಯಾಯಾಮಶಾಲೆಯವರೆಗೆ ಪಯಣಿಸಿತು ಎಂಬಷ್ಟನ್ನು ಮಾತ್ರ ಗುರುತಿಸಿದರೆ ಸಾಕು.

3. ಅಭ್ಯಾಸದ ಕ್ರಮ

ಜಪಾನಿನಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್ ತಿಂಗಳಲ್ಲಿ ಆರಂಭವಾಗುತ್ತದೆ. ಸಂಘಗಳು ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದೂ ಆಗಲೇ. ವಿಶ್ವವಿದ್ಯಾಲಯದ ಕ್ರೀಡಾಮಂಡಲಿಗೆ ಸೇರಿದ ಅಧಿಕೃತ ಸಂಘಗಳು ಒಂದು ಬಗೆಯವು. ಆಸಕ್ತರು ತಾವೇ ಕೂಡಿಕೊಂಡು ನಡೆಸುವ ಸಡಿಲ ಕೂಟಗಳು ಇನ್ನೊಂದು ಬಗೆಯವು. ಕಠಿಣ ಶಿಸ್ತಿಗೆ ಹೆಸರಾದವು ಮೊದಲನೆಯ ಬಗೆಯ ಸಂಘಗಳು. ಅವುಗಳನ್ನು ಸೇರಿದವನ ನಾಲ್ಕು ವರ್ಷಗಳ ವಿದ್ಯಾರ್ಥಿಜೀವನ ಬಹುಪಾಲು ಅದರಲ್ಲಿಯೇ ಕಳೆಯುತ್ತದೆ.

ಅಭ್ಯಾಸಶಾಲೆಯ ಹೊಸ್ತಿಲಲ್ಲಿ ತಲೆಬಾಗಿ ಒಳಹೋಗುವುದು ಮೊದಲ ನಿಯಮ. ಬಳಿಕ ಶ್ರೇಣಿಗೆ ತಕ್ಕಂತೆ ಸಾಲಾಗಿ ಮಂಡಿಯೂರಿ ಕುಳಿತು, ಕಣ್ಣು ಮುಚ್ಚಿ ಕೆಲಕ್ಷಣ ಮೌನವಾಗಿರುತ್ತಾರೆ. ಗುರುವಿಗೂ ಪರಸ್ಪರರಿಗೂ ವಂದಿಸುತ್ತಾರೆ. ಕರಾಟೆಯ ಹಲವು ಶಾಲೆಗಳಲ್ಲಿ ಕೊನೆಗೆ ಐದು ನೀತಿಸೂತ್ರಗಳನ್ನು ಒಕ್ಕೊರಲಿನಿಂದ ಹೇಳುವ ರೂಢಿಯಿದೆ. ಈ ಸೂತ್ರಗಳಿಗೆ ಒಂದು, ಎರಡು, ಮೂರು ಎಂಬ ಎಣಿಕೆಯಿಲ್ಲ. ಐದಕ್ಕೂ 'ಒಂದು' ಎಂಬುದೇ ಮೊದಲ ಮಾತು. ಯಾವ ನೀತಿಯೂ ಇನ್ನೊಂದಕ್ಕಿಂತ ಕಡಿಮೆಯಲ್ಲ ಎಂಬುದು ಅದರ ಇಂಗಿತ.

ಜೂಡೋ ಸೇರಿದವನು ಎದುರಾಳಿಯನ್ನು ಎತ್ತಿ ಎಸೆಯುವುದನ್ನು ಮೊದಲು ಕಲಿಯುವುದಿಲ್ಲ, ಬೀಳುವುದನ್ನು ಕಲಿಯುತ್ತಾನೆ. ಇದನ್ನು 'ಉಕೆಮಿ' ಎನ್ನುತ್ತಾರೆ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿ ತಲೆ ನೆಲಕ್ಕೆ ತಾಗದಂತೆ ಕಾಪಾಡಿಕೊಳ್ಳಬೇಕು. ಪಕ್ಕಕ್ಕೆ ಬೀಳುವಾಗ ಚಾಚಿದ ತೋಳಿನಿಂದ ಚಾಪೆಯನ್ನು ಬಡಿದು ಪೆಟ್ಟಿನ ವೇಗವನ್ನು ಹಂಚಬೇಕು. ಮುಂದಕ್ಕೆ ಬೀಳುವಾಗ ಭುಜದ ಮೇಲೆ ಚಕ್ರದಂತೆ ಉರುಳಬೇಕು. ನೋಡಲು ಸರಳವಾದ ಈ ಪಾಠವನ್ನು ಮೈ ತಾನಾಗಿ ಒಪ್ಪಿಕೊಳ್ಳುವಂತೆ ಮಾಡಲು ಸಾವಿರಾರು ಸಲದ ಆವೃತ್ತಿ ಬೇಕಾಗುತ್ತದೆ. ನಂತರ ಒಂದೇ ಪಟ್ಟಿನ ಪ್ರವೇಶವನ್ನು ಜೊತೆಗಾರನೊಡನೆ ಮತ್ತೆ ಮತ್ತೆ ಮಾಡುವ ಅಭ್ಯಾಸ, ಆಮೇಲೆ ರಾಂದೋರಿ.

ಬೀಳುವವನಿಗೆ ಪಾಠವಿರುವಂತೆ ಬೀಳಿಸುವವನಿಗೂ ಒಂದು ಪಾಠವಿದೆ. ಎಸೆಯುವವನು ಎದುರಾಳಿಯ ತೋಳಂಗಿಯನ್ನು ಹಿಡಿದ ಕೈಯನ್ನು ಕೊನೆಯವರೆಗೆ ಬಿಡಬಾರದು. ಎದುರಾಳಿ ನೆಲ ತಾಗುವ ಗಳಿಗೆಯಲ್ಲಿ ಆ ಕೈ ಅವನನ್ನು ಮೇಲಕ್ಕೆ ಸೆಳೆದು, ಬೆನ್ನು ಸಮವಾಗಿ ಇಳಿಯುವಂತೆಯೂ ತಲೆ ಬಡಿಯದಂತೆಯೂ ನೋಡಿಕೊಳ್ಳಬೇಕು. ಗೆದ್ದವನ ಕೈಯಲ್ಲಿಯೇ ಸೋತವನ ರಕ್ಷಣೆ ಇದೆ ಎಂಬುದು ಈ ಶಿಕ್ಷಣದ ತಿರುಳು. ಕಾನೋ ಸಾರಿದ ಎರಡನೆಯ ತತ್ತ್ವ ಪ್ರತಿದಿನದ ಅಭ್ಯಾಸದಲ್ಲಿ ಕಣ್ಣಿಗೆ ಕಾಣುವ ರೂಪವನ್ನು ಪಡೆಯುವುದು ಇಲ್ಲಿಯೇ. ಎದುರಾಳಿಯಿಲ್ಲದೆ ಕಲಿಕೆಯಿಲ್ಲ, ಅವನ ಮೈಗೆ ಕೇಡಾದರೆ ನಾಳಿನ ಅಭ್ಯಾಸವೂ ಇಲ್ಲ. ಕನ್ನಡದ ಗರಡಿಗಳಲ್ಲಿ ಸರಿಜೋಡಿಯನ್ನು ಆರಿಸುವುದರಲ್ಲಿ ಉಸ್ತಾದರು ತೋರುವ ಎಚ್ಚರಕ್ಕೂ ಇದೇ ಹಿನ್ನೆಲೆಯಿದೆ.

ದೈನಂದಿನ ಅಭ್ಯಾಸದ ಜೊತೆಗೆ ವರ್ಷದ ಋತುಚಕ್ರಕ್ಕೆ ಹೊಂದಿದ ವಿಶೇಷ ಸಾಧನೆಗಳೂ ಇವೆ. ನಡುಚಳಿಗಾಲದಲ್ಲಿ ನಸುಕಿಗೆ ಮೊದಲೇ ಎದ್ದು, ಮಂಜುಗಡ್ಡೆಯಂತಾದ ನೆಲದ ಮೇಲೆ ಬರಿಗಾಲಲ್ಲಿ ಹಲವು ದಿನಗಳ ಕಾಲ ನಡೆಸುವ ಅಭ್ಯಾಸಕ್ಕೆ 'ಕಾನ್‌ಗೇಕೋ' ಎಂದು ಹೆಸರು. ಕಡುಬೇಸಗೆಯಲ್ಲಿಯೂ ಇಂಥದೇ ಒಂದು ಸಾಧನೆಯುಂಟು. ರಜೆಯ ದಿನಗಳಲ್ಲಿ ಸಂಘದವರೆಲ್ಲ ಊರಿನಿಂದ ದೂರ ಹೋಗಿ ಒಂದೇ ಸೂರಿನಡಿ ಉಂಡು, ಮಲಗಿ, ದಿನಕ್ಕೆ ಎರಡು ಮೂರು ಹೊತ್ತು ಅಭ್ಯಾಸ ಮಾಡುವ ಶಿಬಿರಕ್ಕೆ 'ಗಾಶ್ಶುಕು' ಎನ್ನುತ್ತಾರೆ. ಕೌಶಲವನ್ನು ಹೆಚ್ಚಿಸುವುದಕ್ಕಿಂತಲೂ ಒಟ್ಟಿಗೆ ಕಷ್ಟವನ್ನುಂಡ ನೆನಪನ್ನು ಕಟ್ಟಿಕೊಡುವುದು ಇವುಗಳ ದೊಡ್ಡ ಪ್ರಯೋಜನ.

4. ಹಿರಿಯ, ಕಿರಿಯ, ಸಮವಯಸ್ಕ

ಸಂಘದ ಸಾಮಾಜಿಕ ಜೀವನಕ್ಕೆ ಆಧಾರವಾದುದು 'ಸೆನ್‌ಪಾಯ್' ಮತ್ತು 'ಕೋಹಾಯ್' ಸಂಬಂಧ. ಮೊದಲು ಬಂದವನು ಸೆನ್‌ಪಾಯ್; ಬಳಿಕ ಬಂದವನು ಕೋಹಾಯ್. ಒಂದೇ ವರ್ಷ ಸೇರಿದವರು ಪರಸ್ಪರ 'ದೋಕಿ'. ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ವರ್ಷವಲ್ಲ, ಸೇರಿದ ವರ್ಷ. ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಸೋತು ತಡವಾಗಿ ಬಂದವನು ತನಗಿಂತ ವಯಸ್ಸಿನಲ್ಲಿ ಚಿಕ್ಕವನಾದ ಹಿರಿಯನೊಡನೆಯೂ ಗೌರವದ ಕ್ರಿಯಾರೂಪಗಳನ್ನೇ ಬಳಸಬೇಕಾಗುತ್ತದೆ. ಕನ್ನಡದ ಗರಡಿಯಲ್ಲಿ ಹಿರಿಯ ಪೈಲ್ವಾನನನ್ನು 'ಅಣ್ಣ' ಎಂದು ಕರೆದಾಗ ಸಂಬಂಧವಾಚಕವು ಅಂತರವನ್ನು ಉಳಿಸಿಕೊಂಡೇ ಸಲಿಗೆಯನ್ನೂ ತರುತ್ತದೆ. 'ಸೆನ್‌ಪಾಯ್' ಎಂಬುದರಲ್ಲಿ ಮನೆತನದ ನೆರಳಿಲ್ಲ, ಸಂಸ್ಥೆಯ ನೆರಳಿದೆ. ಎರಡು ಸಮಾಜಗಳ ಸಂಬೋಧನಾ ಪದ್ಧತಿಗಳನ್ನು ತೌಲನಿಕವಾಗಿ ಅಭ್ಯಸಿಸುವವರಿಗೆ ಈ ವ್ಯತ್ಯಾಸ ಗಮನಾರ್ಹ.

ಮೊದಲ ವರ್ಷದವರ ಪಾಲಿಗೆ ಬರುವುದು ಸೇವೆ. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುವುದು, ಒದ್ದೆ ಬಟ್ಟೆಯಿಂದ ನೆಲವನ್ನು ಒರೆಸುವುದು, ಸಲಕರಣೆಗಳನ್ನು ಹೊರುವುದು, ಹಿರಿಯರ ಲೋಟ ಬರಿದಾಗದಂತೆ ನೋಡಿಕೊಳ್ಳುವುದು ಇವೆಲ್ಲ ಅವರ ಕೆಲಸ. ಎರಡನೆಯ ವರ್ಷದವರು ಈ ಕೆಲಸಗಳನ್ನು ಕಲಿಸುತ್ತಾರೆ. ಮೂರು, ನಾಲ್ಕನೆಯ ವರ್ಷಗಳವರು ನಾಯಕರಾಗಿ, ವ್ಯವಸ್ಥಾಪಕರಾಗಿ, ಲೆಕ್ಕಪತ್ರ ಇಡುವವರಾಗಿ ಸಂಘವನ್ನು ನಡೆಸುತ್ತಾರೆ. ಪದವಿ ಪಡೆದು ಹೋದವರ ಬಳಗ ಹಣದ ನೆರವು ನೀಡುತ್ತದೆ, ಶಿಬಿರಗಳಿಗೆ ಬಂದು ಪಾಠ ಹೇಳುತ್ತದೆ, ಉದ್ಯೋಗ ಹುಡುಕುವವರಿಗೆ ದಾರಿ ತೋರಿಸುತ್ತದೆ. ಕ್ರೀಡಾಸಂಘದಲ್ಲಿ ನಾಲ್ಕು ವರ್ಷ ನಿಂತವನು ಕಷ್ಟಸಹಿಷ್ಣು ಎಂಬ ನಂಬಿಕೆ ಜಪಾನಿನ ಉದ್ಯಮಗಳಲ್ಲಿ ಬೇರೂರಿದೆ.

ಅಭ್ಯಾಸದ ಬಳಿಕ ಕೂಡಿ ಉಣ್ಣುವುದು, ಕುಡಿಯುವುದು, ಹಾಡುವುದು ಈ ಜೀವನದ ಮತ್ತೊಂದು ಮುಖ. ಚಾಪೆಯ ಮೇಲೆ ಬಾಯಿ ತೆರೆಯದ ಕಿರಿಯನು ಈ ಕೂಟಗಳಲ್ಲಿ ತನ್ನ ದುಃಖವನ್ನು ಹಿರಿಯನ ಮುಂದೆ ಹೇಳಿಕೊಳ್ಳಬಹುದು. ಬಿಲ್ಲಿನ ಹೆಚ್ಚಿನ ಪಾಲನ್ನು ಹಿರಿಯನೇ ತೆರುವುದು ರೂಢಿ. ಹಿರಿತನ ಎಂಬುದು ಸೇವೆಯನ್ನು ಪಡೆಯುವ ಹಕ್ಕು ಮಾತ್ರವಲ್ಲ, ಖರ್ಚು ಮಾಡುವ, ಕಾಪಾಡುವ ಹೊಣೆಯೂ ಹೌದು ಎಂಬುದು ಈ ವ್ಯವಸ್ಥೆಯ ಒಳತರ್ಕ.

ಗರಡಿಗೂ ವಿಶ್ವವಿದ್ಯಾಲಯದ ಸಂಘಕ್ಕೂ ಇರುವ ಮೂಲಭೂತ ಭೇದ ಇಲ್ಲಿ ಕಾಣಿಸುತ್ತದೆ. ಉತ್ತರ ಕರ್ನಾಟಕದ ತರುಣ ಪೈಲ್ವಾನರು ಕೊಲ್ಹಾಪುರದ ತಾಲೀಮುಗಳಿಗೆ ಹೋಗಿ ನೆಲೆಸಿ ಕಲಿಯುವ ಪದ್ಧತಿಯುಂಟು. ಅಲ್ಲಿ ವಸ್ತಾದರೇ ಕೇಂದ್ರ. ಕಲಿಯುವವನಿಗೆ ಇಂತಿಷ್ಟು ವರ್ಷ ಎಂಬ ಮಿತಿಯಿಲ್ಲ. ವಿಶ್ವವಿದ್ಯಾಲಯದ ಸಂಘದಲ್ಲಿ ಗುರು ಇದ್ದರೂ ದಿನನಿತ್ಯದ ಆಡಳಿತ ಇಪ್ಪತ್ತೊಂದು ಇಪ್ಪತ್ತೆರಡರ ತರುಣರದು. ಪ್ರತಿ ಮಾರ್ಚ್ ತಿಂಗಳಲ್ಲಿ ಹಿರಿಯರ ಒಂದು ತಂಡ ಹೊರಡುತ್ತದೆ. ಏಪ್ರಿಲ್‌ನಲ್ಲಿ ಹೊಸಬರ ತಂಡ ಬರುತ್ತದೆ. ಕಲಿತವನು ಮರುವರ್ಷವೇ ಕಲಿಸುವವನಾಗುತ್ತಾನೆ. ವಿದ್ಯೆ ಇಷ್ಟು ಬೇಗ ಕೈಯಿಂದ ಕೈಗೆ ದಾಟುವ ವ್ಯವಸ್ಥೆಯಲ್ಲಿ ಒಳ್ಳೆಯದು ದಾಟುವಂತೆ ಕೆಟ್ಟದ್ದೂ ಅಷ್ಟೇ ಬೇಗ ದಾಟುತ್ತದೆ.

5. ದುರ್ಬಲನಿಗೊಂದು ಸ್ಥಾನ

ಒಳ್ಳೆಯದಕ್ಕೆ ಒಂದು ಉದಾಹರಣೆ 'ಕೋಸೆನ್' ಜೂಡೋ. ಹಳೆಯ ಶಿಕ್ಷಣ ವ್ಯವಸ್ಥೆಯ ಉನ್ನತ ಶಾಲೆಗಳಿಗಾಗಿ ಕ್ಯೋಟೋ ಸಾಮ್ರಾಜ್ಯ ವಿಶ್ವವಿದ್ಯಾಲಯವು 1914ರಿಂದ ಪಂದ್ಯಾವಳಿಯನ್ನು ನಡೆಸತೊಡಗಿತು. ಹದಿನೈದು ಮಂದಿಯ ತಂಡಗಳು ಎದುರುಬದುರಾಗುತ್ತಿದ್ದವು. ಗೆದ್ದವನು ಅಲ್ಲಿಯೇ ನಿಂತು ಎದುರು ತಂಡದ ಮುಂದಿನವನನ್ನು ಎದುರಿಸಬೇಕು. ಸಮವಾದರೆ ಇಬ್ಬರೂ ಹೊರಗೆ. ನಿಂತು ಎಸೆಯುವ ಪಟ್ಟುಗಳು ಸಿದ್ಧಿಸಲು ಬಹುಕಾಲ ಬೇಕು. ಆದರೆ ಮೂರು ವರ್ಷಗಳ ಉನ್ನತ ಶಾಲೆಯಲ್ಲಿ ಅಷ್ಟು ಕಾಲವಿಲ್ಲ. ನೆಲದ ಮೇಲಿನ ಪಟ್ಟುಗಳಾದರೋ ಸಹಜ ಪ್ರತಿಭೆಗಿಂತ ಅಭ್ಯಾಸದ ಪ್ರಮಾಣವನ್ನು ಅವಲಂಬಿಸಿದವು. ಹೀಗಾಗಿ ಈ ಶಾಲೆಗಳಲ್ಲಿ ನೆಲದ ಪಟ್ಟುಗಳ ವಿದ್ಯೆ ಅಪೂರ್ವವಾಗಿ ಬೆಳೆಯಿತು.

ಈ ನಿಯಮಗಳಿಂದ ಒಂದು ಸಾಮಾಜಿಕ ಪರಿಣಾಮವೂ ಉಂಟಾಯಿತು. ಎದುರು ತಂಡದ ಅತಿಬಲನನ್ನು ಸೋಲಿಸಲು ಯಾರಿಂದಲೂ ಆಗದಿರಬಹುದು. ಆದರೆ ಒಬ್ಬ ಸಾಧಾರಣ ವಿದ್ಯಾರ್ಥಿ ನೆಲಕ್ಕಂಟಿಕೊಂಡು, ಸೋಲದೆ, ಸಮಯ ಮುಗಿಯುವವರೆಗೆ ಅವನನ್ನು ತಡೆದು ನಿಲ್ಲಿಸಿದರೆ ಆ ಅತಿಬಲನು ಕಣದಿಂದ ಹೊರಗೆ ಹೋಗಬೇಕಾಗುತ್ತದೆ. ಗೆಲ್ಲಲಾರದವನಿಗೂ ತಂಡದಲ್ಲಿ ಗೌರವದ ಕೆಲಸವೊಂದು ದೊರೆಯಿತು. ಅವನನ್ನು ತಿದ್ದಿ ಗಟ್ಟಿಗೊಳಿಸುವುದು ಹಿರಿಯರ ಸ್ವಾರ್ಥವೂ ಕರ್ತವ್ಯವೂ ಆಯಿತು. ಖ್ಯಾತ ಕಾದಂಬರಿಕಾರ ಇನೋವೇ ಯಾಸುಶಿ (1907–1991) ಕಾನಾಜಾವಾದ ನಾಲ್ಕನೆಯ ಉನ್ನತ ಶಾಲೆಯಲ್ಲಿ ಈ ಬಗೆಯ ಜೂಡೋ ಆಡಿದವನು. ಆತನ 'ಕಿತಾ ನೋ ಉಮಿ' ಎಂಬ ಆತ್ಮಕಥನಾತ್ಮಕ ಕಾದಂಬರಿಯಲ್ಲಿ ಆ ಲೋಕದ ಚಿತ್ರಣವಿದೆ. ಕೋಸೆನ್ ಪಂದ್ಯಾವಳಿ 1940ರ ನಂತರ ನಿಂತುಹೋಯಿತು. ಆದರೆ ಹೊಕ್ಕಾಯ್ದೋ, ತೋಹೋಕು, ಟೋಕಿಯೋ, ನಾಗೋಯಾ, ಕ್ಯೋಟೋ, ಓಸಾಕಾ, ಕ್ಯೂಶೂ ಎಂಬ ಏಳು ವಿಶ್ವವಿದ್ಯಾಲಯಗಳು 1952ರಿಂದ ಅದರ ನಿಯಮಗಳನ್ನು ತಮ್ಮ ಪಂದ್ಯಗಳಲ್ಲಿ ಉಳಿಸಿಕೊಂಡು ಬಂದಿವೆ.

6. ಕೈ ಬಿಟ್ಟಾಗ

ಮೇಲಿನ ಚಿತ್ರ ಪೂರ್ಣವಲ್ಲ. ಹಿರಿಯನ ಮಾತಿಗೆ ಎದುರಾಡಬಾರದು ಎಂಬ ನಿಯಮವು ರಕ್ಷಣೆಯ ಹೊಣೆಯಿಂದ ಬೇರೆಯಾದಾಗ ಪೀಡನೆಯಾಗುತ್ತದೆ. ತಪ್ಪಿಗೆ ಶಿಕ್ಷೆಯೆಂದು ದಣಿದವನನ್ನು ಮತ್ತೆ ಮತ್ತೆ ಎಸೆಯುವುದು, ಬಿಟ್ಟುಹೋಗಬಯಸುವವನನ್ನು ಅಪಮಾನಿಸುವುದು, ಕುಡಿಯಲೊಲ್ಲದವನಿಗೆ ಕುಡಿಸುವುದು ಜಪಾನಿನ ವಿದ್ಯಾರ್ಥಿ ಸಂಘಗಳ ಚರಿತ್ರೆಯಲ್ಲಿ ಮರೆಮಾಚಲಾಗದ ಸಂಗತಿಗಳು. ಮದ್ಯಪಾನಕ್ಕೆ ಕಾನೂನಿನ ಕನಿಷ್ಠ ವಯಸ್ಸು ಇಪ್ಪತ್ತು. 2022ರಲ್ಲಿ ಪ್ರಾಪ್ತವಯಸ್ಸನ್ನು ಹದಿನೆಂಟಕ್ಕೆ ಇಳಿಸಿದಾಗಲೂ ಇದನ್ನು ಬದಲಿಸಲಿಲ್ಲ. ಅಂದರೆ ಹೊಸದಾಗಿ ಸೇರಿದ ಕಿರಿಯರಲ್ಲಿ ಹೆಚ್ಚಿನವರು ಕಾನೂನಿನ ಪ್ರಕಾರ ಮದ್ಯವನ್ನು ಮುಟ್ಟುವಂತಿಲ್ಲ.

ಇನ್ನೂ ಗಂಭೀರವಾದುದು ಪ್ರಾಣಹಾನಿ. ಜಪಾನಿನ ಶಾಲೆಗಳ ಜೂಡೋ ಅಭ್ಯಾಸದಲ್ಲಿ 1983ರ ಅನಂತರದ ಮೂರು ದಶಕಗಳೊಳಗೆ ನೂರಕ್ಕೂ ಹೆಚ್ಚು ಮಕ್ಕಳು ಮೃತಪಟ್ಟರು ಎಂಬ ಸಂಗತಿ ಶಿಕ್ಷಣ ಸಂಶೋಧಕರ ಪರಿಶ್ರಮದಿಂದ ಬೆಳಕಿಗೆ ಬಂದಿತು. ಇವು ವಿಶ್ವವಿದ್ಯಾಲಯಗಳಿಗಿಂತ ಕೆಳಗಿನ ಹಂತದ ಶಾಲೆಗಳಲ್ಲಿ ಸಂಭವಿಸಿದವು. ಆದರೆ ಸಂಘಜೀವನದ ಕ್ರಮ ಅಲ್ಲಿಯೂ ಇದೇ. ತಲೆಗೆ ಬಿದ್ದ ಪೆಟ್ಟು ಬಹಳಷ್ಟು ಸಾವುಗಳಿಗೆ ಕಾರಣ. ಹೊಸದಾಗಿ ಸೇರಿದ ಮೊದಲ ವರ್ಷದವರೇ ಹೆಚ್ಚಾಗಿ ಬಲಿಯಾದವರು. ಬೀಳುವುದನ್ನು ಮೈ ಕಲಿಯುವ ಮೊದಲೇ ಅವರನ್ನು ಎಸೆಯಲಾಗಿತ್ತು. 2012ರಲ್ಲಿ ಸಮರಕಲೆಗಳನ್ನು ಜಪಾನಿನ ಕಿರಿಯ ಪ್ರೌಢಶಾಲೆಗಳಲ್ಲಿ ಕಡ್ಡಾಯ ಪಾಠವಾಗಿ ಸೇರಿಸಿದಾಗ ಈ ಕುರಿತು ದೇಶದಾದ್ಯಂತ ಚರ್ಚೆ ನಡೆದು, ತಲೆಯ ರಕ್ಷಣೆ ಹಾಗೂ ಉಕೆಮಿಯ ಅಭ್ಯಾಸಗಳ ಬಗ್ಗೆ ಸೂಚನೆಗಳು ಬಿಗಿಯಾದವು.

2013ರ ಆರಂಭದಲ್ಲಿ ಇನ್ನೊಂದು ಸಂಗತಿ ಹೊರಬಂದಿತು. ರಾಷ್ಟ್ರೀಯ ಮಟ್ಟದ ಹದಿನೈದು ಮಹಿಳಾ ಜೂಡೋಪಟುಗಳು ತಮ್ಮ ತರಬೇತಿಯಲ್ಲಿ ಹೊಡೆತ, ನಿಂದನೆಗಳು ನಡೆದಿವೆಯೆಂದು ಜಪಾನಿನ ಒಲಿಂಪಿಕ್ ಸಮಿತಿಗೆ ದೂರಿದ್ದರು; ಮುಖ್ಯ ತರಬೇತುದಾರ ರಾಜೀನಾಮೆ ನೀಡಬೇಕಾಯಿತು. ಕಾನೋ 1893ರಷ್ಟು ಹಿಂದೆಯೇ ಸ್ತ್ರೀಯರಿಗೆ ಈ ವಿದ್ಯೆಯನ್ನು ಕಲಿಸತೊಡಗಿದ್ದ. 1926ರಲ್ಲಿ ಕೋದೋಕಾನ್‌ನಲ್ಲಿ ಮಹಿಳಾ ವಿಭಾಗ ತೆರೆಯಿತು. ಆದರೂ ಮಹಿಳೆಯರ ಮೊದಲ ವಿಶ್ವಸ್ಪರ್ಧೆ ನಡೆಯಲು 1980ರವರೆಗೆ ಕಾಯಬೇಕಾಯಿತು. ಹಿರಿಯರ ಮುಂದೆ ತುಟಿ ಬಿಚ್ಚಬಾರದೆಂಬ ಪಾಠವನ್ನು ವರ್ಷಗಟ್ಟಲೆ ಕಲಿತವರು ಒಟ್ಟಾಗಿ ದನಿಯೆತ್ತಿದರು ಎಂಬುದು ಆ ದೂರಿನ ಮಹತ್ವ. 2022ರಲ್ಲಿ ಅಖಿಲ ಜಪಾನ್ ಜೂಡೋ ಒಕ್ಕೂಟವು ಗೆಲುವಿನ ಹಂಬಲ ಅತಿಯಾಯಿತೆಂಬ ಕಾರಣದಿಂದ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ಪಂದ್ಯಾವಳಿಯನ್ನೇ ಕೈಬಿಟ್ಟಿತು.

ಈ ಘಟನೆಗಳನ್ನು ಕಂಡು ಶಿಸ್ತೇ ಕೆಡುಕಿನ ಮೂಲವೆಂದು ತೀರ್ಮಾನಿಸುವುದು ಸುಲಭ. ಆದರೆ ನೆಲ ಒರೆಸುವ ಶಿಸ್ತಿನಿಂದ ಯಾರ ಪ್ರಾಣವೂ ಹೋಗಲಿಲ್ಲ. ಬೀಳುವವನ ತೋಳಂಗಿಯನ್ನು ಹಿಡಿದಿರಬೇಕಾದ ಕೈ ಸಡಿಲಿದಾಗ ಪ್ರಾಣ ಹೋಯಿತು. ಎಂದರೆ ಪದ್ಧತಿಯ ಹೊರರೂಪ ಉಳಿದು ಅದರ ಹೊಣೆ ಮರೆತುಹೋದುದೇ ಅನಾಹುತಕ್ಕೆ ದಾರಿಯಾಯಿತು.

7. ಶಾಂತಿನಿಕೇತನದ ಪ್ರಯೋಗ

ಭಾರತದ ವಿಶ್ವವಿದ್ಯಾಲಯವೊಂದು ಈ ವಿದ್ಯೆಯನ್ನು ಬಹು ಹಿಂದೆಯೇ ಬರಮಾಡಿಕೊಂಡಿತ್ತು ಎಂಬುದನ್ನು ಇಲ್ಲಿ ಸ್ಮರಿಸಬೇಕು. ರವೀಂದ್ರನಾಥ ಟಾಗೋರರು ಶಾಂತಿನಿಕೇತನದ ಶಾಲೆಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಜಪಾನೀ ಶಿಕ್ಷಕರೊಬ್ಬರನ್ನು ಕರೆಸಿದ್ದರು. 1929ರಲ್ಲಿ ವಿಶ್ವಭಾರತಿಗೆ ತಾಕಾಗಾಕಿ ಶಿಂಜೋ ಎಂಬ ಜೂಡೋ ಗುರು ಆಗಮಿಸಿ ಸುಮಾರು ಎರಡು ವರ್ಷ ಕಲಿಸಿದರು. ಅಲ್ಲಿ ಹುಡುಗರಷ್ಟೇ ಅಲ್ಲದೆ ಹುಡುಗಿಯರೂ ಅಭ್ಯಾಸ ಮಾಡಿದರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರ ತಾಯಿ ಅಮಿತಾ ಸೇನ್ ಶಾಂತಿನಿಕೇತನದಲ್ಲಿ ಜೂಡೋ ಕಲಿತವರಲ್ಲಿ ಒಬ್ಬರು. ಹಿಂಜರಿಕೆಯನ್ನು ತೊರೆದು ಆತ್ಮಬಲವನ್ನು ತಂದುಕೊಳ್ಳಬೇಕೆಂಬ ಆಶಯದ ಗೀತೆಯೊಂದನ್ನು ಟಾಗೋರರು ಈ ಅಭ್ಯಾಸದ ಸಂದರ್ಭದಲ್ಲಿಯೇ ರಚಿಸಿದರು. ಸಂಗೀತ, ಚಿತ್ರಕಲೆಗಳ ಜೊತೆಗೆ ಮೈಯ ಧೈರ್ಯವೂ ವಿದ್ಯೆಯ ಅಂಗವೆಂದು ಕವಿ ಭಾವಿಸಿದ್ದರು.

ತಾಕಾಗಾಕಿ ತೆರಳಿದ ಬಳಿಕ ಆ ಪ್ರಯೋಗ ಅದೇ ಬಲದಿಂದ ಮುಂದುವರಿಯಲಿಲ್ಲ. ಒಬ್ಬ ಒಳ್ಳೆಯ ಗುರುವಿದ್ದ, ಆಸಕ್ತ ಶಿಷ್ಯರಿದ್ದರು, ದೊಡ್ಡ ಆಶಯವಿತ್ತು. ಕಲಿತವನು ಮರುವರ್ಷ ಕಲಿಸುವವನಾಗುವ ಹಿರಿಯ ಕಿರಿಯರ ಸರಪಳಿ ಗಟ್ಟಿಗೊಳ್ಳಲು ಎರಡು ವರ್ಷ ಸಾಲದಾಯಿತು ಎಂದು ಊಹಿಸಲು ಅವಕಾಶವಿದೆ. ಗುರು ವಿದ್ಯೆಯನ್ನು ತರಬಲ್ಲ. ಅದನ್ನು ಉಳಿಸುವುದು ವಿದ್ಯಾರ್ಥಿಗಳ ಸಹಜೀವನ.

8. ಸಮಾರೋಪ

ಇದುವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಮರಕಲೆಯು ವಿಶ್ವವಿದ್ಯಾಲಯವನ್ನು ಪ್ರವೇಶಿಸಿದಾಗ ಅದು ಕೊಲ್ಲುವ ವಿದ್ಯೆಯ ಗುಣವನ್ನು ಕಳಚಿ ಕೂಡಿ ಬೆಳೆಯುವ ವಿದ್ಯೆಯಾಗಲು ಪ್ರಯತ್ನಿಸಿತು. ಆ ಪ್ರಯತ್ನಕ್ಕೆ ಹಿರಿಯ ಕಿರಿಯರ ಸಂಬಂಧವೇ ಆಧಾರವಾಯಿತು. ಅದೇ ಸಂಬಂಧ ಅಪಾಯಕ್ಕೂ ಕಾರಣವಾಯಿತು. ಇವೆರಡರ ನಡುವಿನ ಗೆರೆಯನ್ನು ಗುರುತಿಸಲು ದೊಡ್ಡ ಸಿದ್ಧಾಂತವೇನೂ ಬೇಕಿಲ್ಲ. ಸಂಘದ ಅತ್ಯಂತ ದುರ್ಬಲ ವಿದ್ಯಾರ್ಥಿಗೆ ಅಲ್ಲಿ ಒಂದು ಸ್ಥಾನವಿದೆಯೇ, ಅವನು ಬಿದ್ದಾಗ ಬೀಳಿಸಿದವನ ಕೈ ಅವನನ್ನು ಹಿಡಿದಿದೆಯೇ ಎಂಬ ಎರಡು ಪ್ರಶ್ನೆಗಳು ಸಾಕು.

ಹೊರನಾಡಿನಲ್ಲಿ ಕನ್ನಡವನ್ನು ಅಭ್ಯಸಿಸುವವರಿಗೆ ಈ ಪ್ರಶ್ನೆಗಳು ಅಪ್ರಸ್ತುತವಲ್ಲ. ಊರಿನಿಂದ ದೂರ ಬಂದ ತರುಣನಿಗೆ ಮೊದಲ ಆಸರೆಯಾಗುವುದು ತನಗಿಂತ ಒಂದೆರಡು ವರ್ಷ ಮೊದಲು ಬಂದವನೇ. ಭಾಷೆಯ ಪಾಠವಿರಲಿ, ಮಟ್ಟಿಯ ಮೇಲಿನ ಪಟ್ಟಿರಲಿ, ಅದು ಮುಂದಿನವರಿಗೆ ದಾಟುವುದು ಇಂಥ ಹಿರಿಯರ ಮೂಲಕ. ದೋಜೋದ ಹೊಸ್ತಿಲಲ್ಲಿ ತಲೆಬಾಗುವ ವಿದ್ಯಾರ್ಥಿಯೂ ಗರಡಿಯ ಮಣ್ಣನ್ನು ಮುಟ್ಟಿ ಹಣೆಗಿಟ್ಟುಕೊಳ್ಳುವ ಪೈಲ್ವಾನನೂ ವಂದಿಸುವುದು ತಮಗಿಂತ ಮೊದಲು ಆ ನೆಲದಲ್ಲಿ ಬಿದ್ದು ಎದ್ದವರಿಗೆ. ಆ ವಂದನೆಗೆ ಅರ್ಥ ಬರಬೇಕಾದರೆ ಮುಂದೆ ಅಲ್ಲಿ ಬೀಳಲಿರುವವರ ಬಗೆಗೂ ಅಷ್ಟೇ ಕಾಳಜಿ ಇರಬೇಕಾಗುತ್ತದೆ.